ಉಪ್ಪು ಕುಡಿದ ಬೆತ್ತ

ಮದುಮಗಳು ಫೋನಿನಲ್ಲಿ ತೋರಿಸಿದ ಚಿತ್ರದಲ್ಲಿ ಹೂವು ಹೆಚ್ಚಿರಲಿಲ್ಲ. ಬೆತ್ತವನ್ನು ಬಗ್ಗಿಸಿ ಮಾಡಿದ ದೊಡ್ಡದೊಂದು ಬಳೆ, ಅದರ ಒಂದು ಮಗ್ಗುಲಿಗೆ ಒಣ ಟೊಂಗೆಗಳು, ಟೊಂಗೆಗಳ ಮೇಲೆ ಅಲ್ಲಲ್ಲಿ ಹೂವು. ಉಳಿದದ್ದೆಲ್ಲ ಖಾಲಿ.

"ಇಂಥದ್ದು ಮಾಡೂಕೆ ಆಗ್ತದಾ ಅಕ್ಕಾ?" ಎಂದು ಮಂಟಪ ಅಲಂಕರಿಸುವ ನನ್ನನ್ನು ಕೇಳಿದಳು.

ಮಂಟಪದ ಹಿಂಬದಿಗೆ, ಮದುಮಕ್ಕಳು ಕೂತಾಗ ತಲೆಯ ಹಿಂದೆ ಕಾಣುವಂತೆ, ಆಳೆತ್ತರಕ್ಕಿಂತ ಸ್ವಲ್ಪ ದೊಡ್ಡದಾಗಿ ಬೇಕಿತ್ತು. ಪ್ಲಾಸ್ಟಿಕ್ ಬಳ್ಳಿ ಬೇಡ, ಹೂವು ಚುಚ್ಚುವ ಹಸಿರು ಸ್ಪಂಜು ಬೇಡ, ಬಣ್ಣದ ಬಟ್ಟೆಯೂ ಬೇಡ. ಅವಳು ಓಂ ಬೀಚಿನ ಹತ್ತಿರ ಒಂದು ಗೆಸ್ಟ್ ಹೌಸಿನಲ್ಲಿ ಕೆಲಸಕ್ಕಿರುವವಳು. ಮಳೆಗಾಲ ಶುರುವಾದಾಗ ಅಲೆಗಳು ದಡಕ್ಕೆ ತಂದು ಹಾಕುವ ಪ್ಲಾಸ್ಟಿಕ್ಕನ್ನು ಹೆಕ್ಕಿ ಹೆಕ್ಕಿ ಅವಳಿಗೆ ಆ ವಸ್ತುವಿನ ಮೇಲೇ ಸಿಟ್ಟು ಬಂದುಬಿಟ್ಟಿತ್ತು.

ಪಕ್ಕದಲ್ಲಿ ಅವಳ ತಾಯಿ ಕೂತಿದ್ದರು. ತದಡಿಯಲ್ಲಿ ಸ್ವಂತ ಬೋಟಿರುವ ಮನೆಯವರು. ಆ ಚಿತ್ರವನ್ನು ಅವರು ಆಗಲೇ ಸಾಕಷ್ಟು ಸಲ ನೋಡಿ ಸಾಕಾಗಿರಬೇಕು.

"ನೋಡು ತಂಗಿ, ನಂಗೆ ಕೋಳಿಗೂಡು ಕಂಡ ಹಾಂಗೆ ಆಗಬಾರ್ದು, ಅಷ್ಟೇ," ಎಂದರು. "ಕುಮಟೆಯ ಮಂಟಪದವನ ಹತ್ರ ಕಬ್ಬಿಣದ ಕಮಾನು ಅದೆ. ಅವನಿಗೊಂದು ಮಾತು ಹೇಳಿ ಇಟ್ಟಿದ್ದೆ. ನಿಂದು ಸರಿ ಆಗದಿದ್ರೆ ಹಿಂದಿನ ದಿನ ಒಂದು ಫೋನ್ ಮಾಡು, ಸಾಕು."

ನನಗೆ ಸ್ವಲ್ಪ ಉರಿಯಿತು. ಕೆಲಸ ಶುರುವಾಗುವ ಮೊದಲೇ ಅದರ ಹೆಣಕ್ಕೆ ಚಟ್ಟ ಕಟ್ಟಿಟ್ಟ ಹಾಗಿತ್ತು ಆ ಮಾತು. ಆದರೂ ಅವರು ಹೇಳಿದ್ದು ತಪ್ಪಲ್ಲ. ಹೊನ್ನಾವರದ ಹೊಳೆದಂಡೆಯ ನನ್ನ ಕೋಣೆಯಲ್ಲಿ ಇರುವುದೆಲ್ಲ ಕಬ್ಬಿಣದ ಚೌಕಟ್ಟು, ಥರ್ಮೋಕೋಲು, ಬಟ್ಟೆಯ ಸುರುಳಿಗಳು. ಬೆತ್ತವನ್ನು ನಾನು ಕುರ್ಚಿಯಲ್ಲಿ ಕೂತು ಅನುಭವಿಸಿದ್ದು ಬಿಟ್ಟರೆ ಕೈಯಲ್ಲಿ ಹಿಡಿದು ಬಗ್ಗಿಸಿದ್ದಿಲ್ಲ.

ಆದರೂ ಆಗುತ್ತದೆ ಎಂದೆ. ಹಾಗೆನ್ನಲು ಕಾರಣ ನನ್ನ ಅಣ್ಣ.

ಅಣ್ಣ ತದಡಿಯಿಂದ ಹೊರಡುವ ಒಂದು ಬೋಟಿನಲ್ಲಿ ದುಡಿಯುತ್ತಿದ್ದವನು. ಹೋದ ವರ್ಷ ಬಲೆ ಎಳೆಯುವ ಹಗ್ಗಕ್ಕೂ ಯಂತ್ರಕ್ಕೂ ನಡುವೆ ಅವನ ಬಲಗೈ ಸಿಕ್ಕಿಕೊಂಡಿತು. ಕೈ ಉಳಿಯಿತು, ಆದರೆ ನಡುವಿನ ಎರಡು ಬೆರಳು ಮಡಚುವ ಕೆಲಸವನ್ನೇ ಬಿಟ್ಟವು. ಆಸ್ಪತ್ರೆಯಿಂದ ಬಂದಮೇಲೆ ಒಮ್ಮೆ ಬಲೆ ದುರಸ್ತಿಗೆಂದು ಹೋಗಿದ್ದ. ಎಂಟು ಹತ್ತು ಜನ ಸಾಲಾಗಿ ಕೂತು ಒಂದೇ ಬಲೆಯನ್ನು ಸರಿಸುತ್ತ ಸರಿಸುತ್ತ ಹೆಣೆಯುವ ಕೆಲಸ ಅದು. ಒಬ್ಬ ನಿಧಾನವಾದರೆ ಅವನ ಮುಂದೆ ಬಲೆ ರಾಶಿಯಾಗುತ್ತದೆ, ಉಳಿದವರು ಕೈಕಟ್ಟಿ ಕೂರಬೇಕು. ಯಾರೂ ಅವನಿಗೆ ಏನೂ ಅನ್ನಲಿಲ್ಲವಂತೆ. ಅದೇ ಅವನಿಗೆ ತಡೆಯದೆ ಎದ್ದು ಬಂದುಬಿಟ್ಟ. ಆಮೇಲೆ ತದಡಿಯ ಕಡೆಗೆ ತಲೆ ಹಾಕಲಿಲ್ಲ. ಮದುವೆ ಮುಂಜಿಯ ಊಟಕ್ಕೂ ಹೋಗುವುದನ್ನು ಬಿಟ್ಟ. ನೆಟ್ಟಗೆ ನಿಂತ ಬೆರಳುಗಳಲ್ಲಿ ಅನ್ನ ಕಲಸುವುದನ್ನು ಊರವರು ನೋಡುವುದು ಅವನಿಗೆ ಬೇಡವಾಗಿತ್ತು. ಅತ್ತಿಗೆ ಮೀನು ಮಾರುಕಟ್ಟೆಗೆ ಹೋಗುತ್ತಾಳೆ, ಇವನು ಜಗಲಿಯ ಮೇಲೆ ಹೊಳೆಗೆ ಮುಖ ಮಾಡಿ ಕೂರುತ್ತಾನೆ. ನಮ್ಮಿಬ್ಬರ ಮನೆಗೆ ನಡುವೆ ಇರುವುದು ಒಂದು ಬೇಲಿ ಮಾತ್ರ. ಅವನು ಕೂತಿರುವುದು ನನ್ನ ಅಡುಗೆಮನೆಯ ಕಿಟಕಿಯಿಂದ ದಿನವೂ ಕಾಣುತ್ತಿತ್ತು.

ಬೆತ್ತ ಬಗ್ಗಿಸಲು ತೋಳು ಬೇಕು, ಕಟ್ಟಲು ಗಂಟು ಗೊತ್ತಿರಬೇಕು. ಎರಡೂ ಅವನಲ್ಲಿತ್ತು. "ನನ್ನೊಬ್ಬಳ ಕೈಲಿ ಆಗೂದಿಲ್ಲ, ಬಾ," ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಅವನು ಮದುಮಗಳು ಕಳಿಸಿದ ಚಿತ್ರವನ್ನು, ಫೋನನ್ನು ಅತ್ತಿತ್ತ ತಿರುಗಿಸಿ ನೋಡಿ, "ಇದು ಏಡಿ ಹಿಡಿಯೂ ಬಲೆಯ ಬಳೆ ಅಲ್ದಾ? ಬಲೆ ಒಂದಿಲ್ಲ, ಅಷ್ಟೇ," ಎಂದ. ಅಂದರೆ ಒಪ್ಪಿದ ಎಂದು ತಿಳಿದುಕೊಂಡೆ.

ಕುಮಟೆಯಲ್ಲಿ ಬೆತ್ತದ ಕುರ್ಚಿ ಮಾಡುವವನೊಬ್ಬ ಹೆಬ್ಬೆರಳು ದಪ್ಪದ ಉದ್ದನೆಯ ಬೆತ್ತಗಳನ್ನೂ, ಕಟ್ಟಲು ಸೀಳಿದ ತೆಳು ಬೆತ್ತವನ್ನೂ ಕೊಟ್ಟ. ಒಣಗಿ ಗಟ್ಟಿಯಾಗಿದ್ದವು. ಬಗ್ಗಬೇಕಾದರೆ ಮೊದಲು ಚೆನ್ನಾಗಿ ನೆನೆಯಬೇಕು ಎಂದು ಅವನು ಹೇಳಿದ. ಯಾವ ನೀರಲ್ಲಿ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅದು ಮೇ ತಿಂಗಳು. ನಮ್ಮ ಬಾವಿಯಲ್ಲಿ ಕೊಡಪಾನ ಮುಳುಗಿಸುವಷ್ಟು ನೀರು ನಿಲ್ಲಲು ಬೆಳಗಿನಿಂದ ಸಂಜೆಯವರೆಗೆ ಕಾಯಬೇಕು, ಅದನ್ನೂ ಪಕ್ಕದ ಮನೆಗಳವರ ಜೊತೆ ಹಂಚಿಕೊಳ್ಳಬೇಕು. ಬೆತ್ತವೋ, ಮನೆಯ ಯಾವ ತೊಟ್ಟಿಯಲ್ಲೂ ಹಿಡಿಸದಷ್ಟು ಉದ್ದ.

"ಮಡಲು ಎಲ್ಲಿ ನೆನೆ ಹಾಕೂದು?" ಎಂದ ಅಣ್ಣ.

"ಹೊಳೆಲಿ."

"ಹಾಂಗಾರೆ ಇದೂ ಹೊಳೆಗೇ. ಯೋಚನೆ ಮಾಡೂದು ಎಂತ?"

ಯೋಚಿಸುವಂಥದ್ದು ನನಗೂ ಏನೂ ಕಾಣಲಿಲ್ಲ. ನಮ್ಮ ದಂಡೆಯಲ್ಲಿ ತಟ್ಟಿ ಹೆಣೆಯುವ ತೆಂಗಿನ ಮಡಲನ್ನು ಅಜ್ಜಿಯ ಕಾಲದಿಂದ ಹೊಳೆಯಲ್ಲೇ ನೆನೆಹಾಕುವುದು. ಬೇಸಿಗೆಯಲ್ಲಿ ಸಮುದ್ರದ ಉಬ್ಬರ ಒಳಗೆ ಬಂದು ಹೊಳೆ ಉಪ್ಪಾಗಿರುತ್ತದೆ, ಉಪ್ಪು ಕುಡಿದ ಮಡಲಿಗೆ ಗೆದ್ದಲು ಬಾಯಿ ಹಾಕುವುದಿಲ್ಲ, ತಟ್ಟಿ ಎರಡು ಮಳೆಗಾಲ ಜಾಸ್ತಿ ಬಾಳುತ್ತದೆ. ಇದು ಇಲ್ಲಿ ಮಕ್ಕಳಿಗೂ ಗೊತ್ತು. ಬೆತ್ತವನ್ನು ಕಟ್ಟು ಕಟ್ಟಿ, ಕಲ್ಲು ಹೇರಿ, ತೆಂಗಿನ ಬುಡಕ್ಕೆ ಹಗ್ಗ ಬಿಗಿದು ಮುಳುಗಿಸಿದೆವು.

ಮೇಲೆ ತೆಗೆದಾಗ ಅದು ಹೇಳಿದ ಹಾಗೆ ಕೇಳುವಷ್ಟು ಮೆದುವಾಗಿತ್ತು. ಅಂಗಳದ ಮರಳಿನಲ್ಲಿ ಒಂದು ಗೂಟ ನೆಟ್ಟು, ಅದಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯಲ್ಲಿ ಕಡ್ಡಿ ಹಿಡಿದು ಸುತ್ತು ಬಂದು ವೃತ್ತ ಬರೆದೆ. ಗೆರೆಯ ಎರಡೂ ಬದಿಗೆ ಸಣ್ಣ ಗೂಟಗಳನ್ನು ಹೊಡೆದೆವು. ಬೆತ್ತ ಆ ಗೂಟಗಳ ನಡುವೆ ಬಗ್ಗಿ ಮಲಗಬೇಕು. ಮೊದಲನೆಯದನ್ನು ನಾನು ಅವಸರದಲ್ಲಿ ಬಗ್ಗಿಸಿದೆ, ಅದು ಮಡಚಿದ ರಟ್ಟಿನಂತೆ ಒಂದೇ ಕಡೆ ಮುರಿದುಕೊಂಡಿತು. "ನೀ ಹೂವು ಕಟ್ಟು," ಎಂದು ಅಣ್ಣ ನನ್ನನ್ನು ಬದಿಗೆ ಸರಿಸಿದ. ಎರಡನೆಯದರ ಮೇಲೆ ಮೊಣಕಾಲಿಟ್ಟು, ಮೈಭಾರವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ, ಒಂದೊಂದು ಗೂಟಕ್ಕೂ ನಿಂತು ಉಸಿರು ತೆಗೆದುಕೊಂಡು ಸುತ್ತಿದ. ಬೆತ್ತದ ತುದಿಗಳನ್ನು ಗೇಣುದ್ದ ಓರೆಯಾಗಿ ಕೊಯ್ದು, ಒಂದರ ಮೇಲೊಂದು ಕೂರಿಸಿ, ಸೀಳಿದ ತೆಳು ಬೆತ್ತದಿಂದ ಬಿಗಿದೆವು. ದೊಡ್ಡ ಬಳೆಯ ಒಳಗೆ ಇನ್ನೊಂದು ಬಳೆ, ಎರಡರ ನಡುವೆ ಅಂಕುಡೊಂಕಾಗಿ ಓಡುವ ತೆಳು ಬೆತ್ತ. ಬಲ ಬರುವುದು ಅದರಿಂದ.

ಗಂಟು ಹಾಕುವಾಗ ಅವನು ತೆಳು ಬೆತ್ತದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಎಳೆದು ಹಿಡಿಯುತ್ತಿದ್ದ. ಬಲೆ ಹೆಣೆಯುವವರು ಕೂರುವುದೇ ಹಾಗೆ. ಬಲಗೈಯ ಎರಡು ಬೆರಳು ಅಡ್ಡ ಬರುತ್ತಿದ್ದರಿಂದ ಎಳೆಯನ್ನು ಎಡದಿಂದ ಸುತ್ತಿ ತಂದು ಕಿರುಬೆರಳಲ್ಲಿ ಸಿಕ್ಕಿಸುತ್ತಿದ್ದ. ನಿಧಾನವಾಗುತ್ತಿತ್ತು. ನಾನು ಹೂವಿನ ಕೆಲಸದವಳು, ನಿಧಾನ ಎಂದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಆದರೆ ಕೈ ಹಾಕಲಿಲ್ಲ.

ಬಳೆಯನ್ನು ನೆರಳಿನಲ್ಲಿ ಒಣಗಲು ಬಿಟ್ಟು ನಾನು ಟೊಂಗೆ ತರಲು ಸಂತೆಗುಳಿಗೆ ಹೋದೆ. ಹಾಲು ಸೋರದ, ಸೊಟ್ಟಸೊಟ್ಟಾಗಿ ಬೆಳೆದ ಟೊಂಗೆ ಬೇಕಿತ್ತು. ಮೊದಲು ಮನೆಯ ಹತ್ತಿರದ ಮುರುಗಲು ಟೊಂಗೆ ಕಡಿದು ನೋಡಿದ್ದೆ, ಅದರ ಹಳದಿ ಹಾಲು ಹತ್ತಿ ಸೀರೆ ಹಾಳಾಗಿತ್ತು. ಪೇರಲ ಟೊಂಗೆಗೆ ಆ ತಾಪತ್ರಯವಿಲ್ಲ, ಸಿಪ್ಪೆ ಸುಲಿದು ನುಣುಪಾಗಿರುತ್ತದೆ, ಒಣಗಿದರೂ ಗಟ್ಟಿ. ನನ್ನ ಪರಿಚಯದ ತೋಟದ ಹೆಗಡೇರು ಕತ್ತಿ ಕೈಗೆ ಕೊಟ್ಟು, "ಎಷ್ಟು ಬೇಕೋ ಅಷ್ಟು ಕಡ್ಕಂಡು ಹೋಗು. ಕಾಯಿ ಬಿಡೋ ಟೊಂಗೆ ಮಾತ್ರ ಮುಟ್ಟಡ. ಮಳೆಗಾಲದ ಮೊದ್ಲು ಹೇಂಗೂ ಸವರದೇ ಇದ್ದು," ಎಂದರು.

ತಿರುಗಿ ಬಂದು ನೋಡಿದರೆ ಬಳೆ ಗೋಡೆಗೆ ಒರಗಿ ನಿಂತಿತ್ತು. ಒಣಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಎಷ್ಟು ಚೆಂದವಿತ್ತೆಂದರೆ ಹೂವೇ ಬೇಡ ಅನ್ನಿಸಿತು. ಜಗಲಿಯಲ್ಲಿ ಅಣ್ಣ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ಚಹಾದಂಗಡಿಗೆ ಹೋಗಿದ್ದ. ಸಂಜೆ ಅವನು ಫೋನಿನಲ್ಲಿ ಮಾತಾಡುತ್ತಿದ್ದುದು ಬೇಲಿಯಾಚೆಯಿಂದ ಕೇಳಿಸಿತು. ಅವನ ಹಳೆಯ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಹಿರಿಯ, ಆ ಕಡೆ ಇದ್ದ.

"ಮದ್ವೆಗೆ ಬರ್ತ್ರಲ್ಲ ಎಲ್ಲರೂ, ಮಂಟಪದ ಹಿಂದೆ ಸ್ವಲ್ಪ ನೋಡಿ," ಎನ್ನುತ್ತಿದ್ದ. "ಹೌದು ಹೌದು, ನಾನೇ ಮಾಡಿದ್ದು."

ನನಗೆ ಸಂತೋಷವೂ ಆಯಿತು, ಅದರ ಹಿಂದೆಯೇ ಭಯವೂ ಹತ್ತಿತು. ಈ ಮದುವೆಯ ಕೆಲಸ ಕೆಟ್ಟರೆ ನನಗೆ ಮುಂದಿನ ಮದುವೆ ಇದೆ. ಬೋಟಿನವರ ಮುಂದೆ ಈ ಬಳೆ ಕೆಟ್ಟರೆ ಅವನು ಮತ್ತೆ ಜಗಲಿಗೆ ಹೋಗಿ ಕೂರುತ್ತಾನೆ, ಆಮೇಲೆ ನಾನು ಯಾವ ನೆವ ಹೇಳಿ ಕರೆದರೂ ಏಳುವುದಿಲ್ಲ.

ಯಾವುದೇ ಹೊಸ ಚೌಕಟ್ಟಿಗೆ ನಾನು ಮೊದಲು ಒಂದೆರಡು ಮಾಲೆ ಹಾಕಿ ನೋಡುತ್ತೇನೆ. ಹೂವು ಎಲ್ಲಿ ಜಾರುತ್ತದೆ, ಎಲ್ಲಿ ಜೋತು ಬೀಳುತ್ತದೆ ಎಂದು ತಿಳಿಯುತ್ತದೆ. ಮದುವೆಗೆ ಎರಡು ದಿನ ಮೊದಲು ಭಟ್ಕಳದಿಂದ ಸ್ವಲ್ಪ ಮಲ್ಲಿಗೆ ತರಿಸಿ, ಸಂಜೆ ಬೆತ್ತಕ್ಕೆ ಸುತ್ತಿ, ಉಳಿದ ತುದಿಗಳನ್ನು ಇಳಿಬಿಟ್ಟು ಮಲಗಿದೆ.

ಬೆಳಗ್ಗೆ ನೋಡಿದಾಗ ಮಲ್ಲಿಗೆ ಕಂದುಬಣ್ಣಕ್ಕೆ ತಿರುಗಿತ್ತು. ಬಾಡಿದ್ದಲ್ಲ, ಸುಟ್ಟ ಹಾಗೆ. ಬಳೆಯೂ ಗೋಲವಾಗಿ ಉಳಿದಿರಲಿಲ್ಲ. ಮೇಲಿನಿಂದ ಯಾರೋ ಅಮುಕಿದಂತೆ ಎತ್ತರ ಇಳಿದು ಅಗಲವಾಗಿತ್ತು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಭಟ್ಕಳದ ಹೂವಿನವಳಿಗೆ ಫೋನ್ ಮಾಡಿ, ಹಿಂದಿನ ದಿನದ ಮೊಗ್ಗು ಕಟ್ಟಿ ಕಳಿಸಿದ್ದೀಯಾ ಎಂದು ಬಾಯಿಗೆ ಬಂದ ಹಾಗೆ ಹೇಳಿದೆ. ನಾನು ಮುಗಿಸಿದ ಮೇಲೆ ಅವಳು ಕೇಳಿದಳು.

"ಎಲ್ಲ ಕೆಂಪಾತಾ?"

"ಎಲ್ಲ ಅಲ್ಲ."

"ಕೆಂಪಾಗದೇ ಇದ್ದದ್ದು ಎಲ್ಲಿ ಅದೆ ನೋಡು. ಆಮೇಲೆ ನಂಗೆ ಬೈ."

ನೋಡಿದೆ. ಇಳಿಬಿಟ್ಟ ತುದಿಗಳಲ್ಲಿ ಹೂವು ಬೆಳ್ಳಗೇ ಅರಳಿ ನಿಂತಿತ್ತು. ಬೆತ್ತಕ್ಕೆ ತಾಗಿದಲ್ಲಿ ಮಾತ್ರ ಸುಟ್ಟಿತ್ತು. ಬೆತ್ತದ ಮೇಲೆ ಬೆರಳಾಡಿಸಿದೆ, ಒದ್ದೆಯಾಯಿತು. ಒಣಗಿ ಎಷ್ಟೋ ದಿನವಾದ ಬೆತ್ತ ಬೆವರುತ್ತಿತ್ತು. ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡೆ. ಉಪ್ಪು.

ಆಮೇಲೆ ಬಿಡಿಸಿ ಹೇಳುವಂಥದ್ದೇನೂ ಉಳಿಯಲಿಲ್ಲ. ಮಳೆಗಾಲದ ಗಾಳಿಗೆ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಮೋಡ ಕಟ್ಟಿ ಸೆಕೆ ಏರಿದ ರಾತ್ರಿ, ಬೆತ್ತ ಕುಡಿದಿದ್ದ ಉಪ್ಪು ಗಾಳಿಯ ನೀರನ್ನೆಲ್ಲ ಎಳೆದುಕೊಂಡಿತ್ತು. ನೀರು ಕುಡಿದ ಬೆತ್ತ ಮೆದುವಾಗಿ ಕುಸಿದಿತ್ತು, ಉಪ್ಪು ನೀರು ಹೂವನ್ನು ಸುಟ್ಟಿತ್ತು. ತಟ್ಟಿಗೆ ಯಾರೂ ಮಲ್ಲಿಗೆ ಮುಡಿಸುವುದಿಲ್ಲವಾದ್ದರಿಂದ ಮಡಲಿನ ವಿಷಯದಲ್ಲಿ ಇದು ನಮಗೆ ಎಂದೂ ತಿಳಿದಿರಲಿಲ್ಲ. ಭಟ್ಕಳದವಳಿಗೆ ಮತ್ತೆ ಫೋನ್ ಮಾಡಿ ತಪ್ಪಾಯಿತು ಎಂದೆ. "ಆತು, ನಾಳಿನ ಹೂವು ಮೊದಲ ಬಸ್ಸಿಗೆ ಹಾಕ್ತೆ," ಎಂದಳು.

ಮರುದಿನ ಮದುವೆ. ಬೆತ್ತವನ್ನು ಸಿಹಿನೀರಿನಲ್ಲಿ ಮತ್ತೆ ನೆನೆಸಿ, ಉಪ್ಪು ಬಿಡಿಸಿ, ಒಣಗಿಸುವಷ್ಟು ಹೊತ್ತಿಲ್ಲ, ನೀರೂ ಇಲ್ಲ. ನನಗೆ ಹೊಳೆದ ದಾರಿ ಸುಲಭದ್ದು. ಕುಮಟೆಯ ಮಂಟಪದವನಿಗೆ ಫೋನ್ ಮಾಡಿ ಕಬ್ಬಿಣದ ಕಮಾನು ತರಿಸುವುದು. ಮದುಮಗಳ ತಾಯಿ ಕೊನೆಗಳಿಗೆಯಲ್ಲಿ ಮನಸ್ಸು ಬದಲಾಯಿಸಿದರು ಎಂದು ಅಣ್ಣನಿಗೆ ಹೇಳುವುದು. ಅವನು ಅವರಿಗೊಂದಿಷ್ಟು ಬೈದುಕೊಳ್ಳುತ್ತಾನೆ. ಕೈಯ ಮೇಲಿನ ನಂಬಿಕೆಯಾದರೂ ಉಳಿಯುತ್ತದೆ. ನಂಬರು ತೆಗೆದು ಹಿಡಿದುಕೊಂಡಿದ್ದೆ.

ಅಷ್ಟರಲ್ಲಿ ಅತ್ತಿಗೆ ಮಾರುಕಟ್ಟೆಗೆ ಹೊರಟವಳು ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕೆ ಬಂದಳು. ಬಳೆಯನ್ನೂ ಹೂವನ್ನೂ ನನ್ನ ಮುಖವನ್ನೂ ನೋಡಿದಳು. ನಾನು ಮಾಡಲಿರುವುದನ್ನು ಹೇಳಿದೆ. ಅವಳು ಬುಟ್ಟಿಯನ್ನು ಕೆಳಗಿಟ್ಟಳು.

"ಹಾಂಗೆ ಮಾಡ್ಬೇಡ," ಎಂದಳು. "ಆಸ್ಪತ್ರೆಲಿ ಡಾಕ್ಟರು ಹಿಡ್ದು ನಮ್ಮನೆ ತನ್ಕ ಎಲ್ಲರೂ ಸರಿ ಆಗ್ತದೆ, ಸರಿ ಆಗ್ತದೆ ಹೇಳಿದ್ರು. ನಾನೂ ಹೇಳಿದೆ. ಅವ್ರು ಒಂದನ್ನೂ ನಂಬಲಿಲ್ಲ. ನಾವು ಸುಳ್ಳು ಹೇಳ್ತೇವೆ ಹೇಳಿ ಗೊತ್ತಾಗೇ ಅವ್ರು ಮಾತು ಬಿಟ್ಟದ್ದು. ನೀ ಮತ್ತೊಂದು ಸೇರಿಸ್ಬೇಡ."

"ಬೇಜಾರು ಮಾಡ್ಕಂಡ್ರೆ?"

"ಮಾಡ್ಕಳ್ಲಿ. ಬೇಜಾರಾದ್ರೆ ಕೂಗಾಡ್ತ್ರು. ಕೂಗಾಡೂದು ಕೇಳಿ ಒಂದು ವರ್ಷ ಆತು ನಂಗೆ."

ಬುಟ್ಟಿ ಎತ್ತಿಕೊಂಡು ಹೋದಳು. ನಾನು ಬೇಲಿ ದಾಟಿ ಹೋಗಿ ಅಣ್ಣನನ್ನು ಕರೆದು ತಂದೆ.

ಅವನು ಬಳೆಯ ಹತ್ತಿರ ಬಗ್ಗಿದ. ಬೆತ್ತವನ್ನು ಮುಟ್ಟಿ, ನಾನು ಮಾಡಿದ ಹಾಗೆಯೇ ಬೆರಳನ್ನು ನಾಲಿಗೆಗೆ ಹಚ್ಚಿದ.

"ಹೊಳೆಗೆ ಹಾಕು ಹೇಳಿದ್ದು ನಾನು."

"ಹೂಂ ಅಂದದ್ದು ನಾನು."

"ಕಬ್ಬಿಣದ್ದು ತರಿಸ್ತ್ಯಾ?"

"ತರಿಸೂಕೆ ಹೊರಟಿದ್ದೆ. ನಿಂಗೆ ಬೇರೆ ಎಂತದೋ ಹೇಳೂದು ಅಂದ್ಕಂಡಿದ್ದೆ."

ಅವನ ಮುಖ ಕೆಂಪಾಯಿತು. "ನಾ ಎಂತ ಸಣ್ಣ ಮಗುನಾ? ಕೆಟ್ಟದ್ದು ಕೆಟ್ಟಿದೆ ಹೇಳೂಕೆ ನಿಮಗೆಲ್ಲ ಎಂತ ಆಗ್ತದೆ?" ಎಂದು ಕೂಗಿದ. ಪಕ್ಕದ ಮನೆಯವರು ಹೊರಗೆ ಬಂದು ನೋಡುವಷ್ಟು ಜೋರಾಗಿತ್ತು. ಅತ್ತಿಗೆ ಕೇಳಬೇಕಾಗಿತ್ತು ಅನ್ನಿಸಿತು. ಕೂಗಿ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಬಳೆಯನ್ನೇ ನೋಡತೊಡಗಿದ. ನಾನು ಒಳಗೆ ಹೋಗಿ ಚಹಾ ಮಾಡಿದೆ. ಚಹಾ ಹಿಡಿದು ಬಂದಾಗ ಅವನ ಸಿಟ್ಟು ಇಳಿದಿತ್ತು.

"ಅಗಲ ಆಗಿದೆ ಅಲ್ದಾ? ಅಡ್ಡಕ್ಕೆ ಹುರಿ ಕಟ್ಟಿ ಎಳದ್ರೆ ಎತ್ತರ ತನ್ನಿಂದ್ ತಾನೇ ಬರ್ತದೆ," ಎಂದ.

"ಉಪ್ಪಿಗೆ ಎಂತ ಮಾಡೂದು? ಹೂವು ಬೆತ್ತಕ್ಕೆ ತಾಗಿದ್ರೆ ಸುಡ್ತದೆ."

"ತಾಗಿಸ್ಬೇಡ."

ಅವನು ಅಂದದ್ದು ಉಡಾಫೆಯಿಂದ. ಆದರೆ ನನಗೆ ಅಲ್ಲಿ ದಾರಿ ಕಂಡಿತು. ಅಡ್ಡ ಹುರಿಗಳನ್ನು ಹೇಗೂ ಕಟ್ಟಬೇಕು. ಅವನ್ನೇ ಬಳೆಯೊಳಗೆ ಬಲೆಯಂತೆ ಹೆಣೆದರೆ ಟೊಂಗೆಗಳನ್ನು ಬಲೆಗೆ ಕಟ್ಟಬಹುದು. ಹೂವು ಟೊಂಗೆಗಳ ಮೇಲೆ ಮಾತ್ರ. ಬೆತ್ತ ಸುತ್ತಲೂ ಬರಿದಾಗಿ ಉಳಿಯುತ್ತದೆ, ಹೂವು ಅದರಿಂದ ಗೇಣು ದೂರ. ಅಣ್ಣನಿಗೆ ಹೇಳಿದೆ. ಬಲೆ ಎಂದ ಕೂಡಲೇ ಅವನು ತನ್ನ ಕೈ ನೋಡಿಕೊಂಡ.

"ನಿಧಾನ ಆಗ್ತದೆ," ಎಂದ.

"ಇಲ್ಲಿ ನಿನ್ನ ಆಚೆ ಬದಿಗೆ ಯಾರೂ ಕೂತಿಲ್ಲ," ಎಂದೆ.

ಪ್ಲಾಸ್ಟಿಕ್ ಹುರಿ ಮದುಮಗಳಿಗೆ ಆಗದು. ತೆಂಗಿನ ನಾರಿನ ಕತ್ತದ ಹಗ್ಗ ತರಲೇ ಎಂದು ಕೇಳಿದರೆ, ಅದರ ಸಿಪ್ಪೆಯೂ ಇದೇ ಹೊಳೆಯಲ್ಲಿ ಕೊಳೆತದ್ದು ಎಂದು ಈ ಸಲ ಅಣ್ಣನೇ ಬೇಡವೆಂದ. ಪೇಟೆಗೆ ಹೋಗಿ ಹತ್ತಿಯ ಹುರಿ ತಂದೆ. ಅವನು ಅಟ್ಟದಿಂದ ತನ್ನ ಬಲೆ ಹೆಣೆಯುವ ಮರದ ಸೂಜಿಯನ್ನು ತೆಗೆದು ಒರೆಸಿ, ಹುರಿ ಸುತ್ತಿಕೊಂಡ. ನಾನು ಬಾವಿಯ ನೀರಿನಲ್ಲಿ ಬಟ್ಟೆ ಹಿಂಡಿ ಬೆತ್ತವನ್ನೆಲ್ಲ ಮತ್ತೆ ಮತ್ತೆ ಒರೆಸಿದೆ.

ಮೊದಲ ಹುರಿ ಎಳೆದು ಕಟ್ಟುತ್ತಲೇ ಎತ್ತರ ಸ್ವಲ್ಪ ಬಂತು. ಖುಷಿಯಾಗಿ ಎರಡನೆಯದನ್ನು ಇನ್ನೂ ಬಿಗಿದೆವು, ಮೂರನೆಯದನ್ನು ಮತ್ತೂ ಬಿಗಿದೆವು. ದೂರ ಸರಿದು ನೋಡಿದರೆ ಬಳೆ ಬಿಸಿಲಿಗೆ ಹಾಕಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಒಂದು ಮಗ್ಗುಲು ಮುಂದೆ ಬಂದಿತ್ತು, ಇನ್ನೊಂದು ಹಿಂದೆ ಹೋಗಿತ್ತು. ಎಲ್ಲ ಬಿಚ್ಚಿದೆವು. ಮದುಮಗಳ ತಾಯಿಗೆ ಫೋನ್ ಮಾಡಬೇಕಾದ ಹೊತ್ತು ಹತ್ತಿರವಾಗುತ್ತಿತ್ತು. ಅಣ್ಣ ಬಳೆಯನ್ನು ನೆಲಕ್ಕೆ ಮಲಗಿಸಿದ. ಮೇಲೊಂದು ಹುರಿ ಕಟ್ಟಿದರೆ ಕೆಳಗೆ ಅದರ ಜೋಡಿಯನ್ನು ಕಟ್ಟಿ, ಎರಡನ್ನೂ ಒಂದೇ ಸಲಕ್ಕೆ ಬಿಗಿಯದೆ ಸ್ವಲ್ಪ ಇದನ್ನು ಸ್ವಲ್ಪ ಅದನ್ನು ಎಳೆಯುತ್ತ ಬಂದ. ನಾನು ಎದುರು ಕೂತು ಬೆತ್ತ ಏಳದ ಹಾಗೆ ಒತ್ತಿ ಹಿಡಿದೆ. ಈ ಸಲ ಬಳೆ ನೆಲಕ್ಕೆ ಅಂಟಿಕೊಂಡೇ ಗೋಲವಾಯಿತು.

ಮದುಮಗಳ ತಾಯಿಗೆ ಫೋನ್ ಮಾಡಿ, ಕಬ್ಬಿಣದ್ದು ಬೇಡ ಎಂದೆ. ಹಾಗೆ ಹೇಳುವಾಗ ಬಲೆ ಇನ್ನೂ ಕಾಲುಭಾಗವೂ ಆಗಿರಲಿಲ್ಲ. ಅವರು "ಆತು ಹಾಂಗಾರೆ," ಎಂದರು. ಅಣ್ಣ ತಲೆಯೆತ್ತದೆ ಸೂಜಿ ಆಡಿಸುತ್ತಿದ್ದ.

ಮಧ್ಯಾಹ್ನದ ಊಟವನ್ನು ಅತ್ತಿಗೆ ಅಲ್ಲಿಗೇ ತಂದಳು. ಅವನು ಗಂಟು ಹಾಕುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಎಳೆಯನ್ನು ಎಡದಿಂದ ತಂದು, ಕಿರುಬೆರಳಿಗೆ ಸಿಕ್ಕಿಸಿ, ಹೆಬ್ಬೆರಳಲ್ಲಿ ಒತ್ತಿ, ಸೂಜಿ ದಾಟಿಸಿ ಎಳೆಯುವುದು. ಮೊದಮೊದಲು ಪ್ರತಿ ಗಂಟಿಗೂ ತಡವರಿಸುತ್ತಿದ್ದ ಕೈ ಹೊತ್ತು ಇಳಿಯುವಷ್ಟರಲ್ಲಿ ತನ್ನದೊಂದು ನಡಿಗೆ ಹಿಡಿದಿತ್ತು. ಬೇಗದ ನಡಿಗೆಯಲ್ಲ, ಆದರೆ ನಿಲ್ಲುತ್ತಿರಲಿಲ್ಲ. ಅವನು ಹೆಣೆದಲ್ಲಿಗೆ ನಾನು ಪೇರಲ ಟೊಂಗೆಗಳನ್ನು ಸಿಕ್ಕಿಸುತ್ತ ಬಂದೆ. ಕೆಳಗೆ ಎಡಕ್ಕೆ ದಟ್ಟವಾಗಿ, ಮೇಲೆ ಹೋದಂತೆ ತೆಳುವಾಗಿ, ತುದಿಯಲ್ಲಿ ಒಂದೇ ಒಂದು ಸೊಟ್ಟ ಕಡ್ಡಿ. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು.

ಮರುದಿನ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಭಟ್ಕಳದ ಮೊದಲ ಬಸ್ಸಿನ ಕಂಡಕ್ಟರ್ ಬಾಳೆಲೆಯ ಕಟ್ಟುಗಳನ್ನು ಇಳಿಸಿಕೊಟ್ಟ. ಬಳೆಯನ್ನು ಟೆಂಪೋದಲ್ಲಿ ನಿಲ್ಲಿಸಿ ಕಟ್ಟಿದೆವು. ಕುಮಟೆ ದಾಟಿ ತದಡಿ ಮುಟ್ಟುವವರೆಗೆ ಅಣ್ಣ ಹಿಂದೆ ಅದರ ಪಕ್ಕ ನಿಂತೇ ಬಂದ. ಅಲ್ಲಿ ಮದುಮಗಳ ಮನೆ ಮುಂದಿನ ಚಪ್ಪರದಲ್ಲಿ ಬಳೆಯನ್ನು ಎರಡು ಕಂಬಗಳಿಗೆ ಬಿಗಿದು, ಮಲ್ಲಿಗೆಯನ್ನು ಟೊಂಗೆಯಿಂದ ಟೊಂಗೆಗೆ ಇಳಿಬಿಟ್ಟು, ಎಡೆಯಲ್ಲಿ ಕೇಸರಿ ಬಣ್ಣದ ಅಬ್ಬಲಿಗೆ ಹೂವು ಇಟ್ಟೆ. ಹತ್ತಿಯ ಹುರಿ ತೆಳು, ಎರಡು ಮಾರು ದೂರದಿಂದ ಕಾಣುವುದಿಲ್ಲ. ಹೂವು ಬಳೆಯ ನಡುವೆ ಗಾಳಿಯಲ್ಲೇ ನಿಂತ ಹಾಗಿತ್ತು. ಮದುಮಗಳು ಶೃಂಗಾರದ ಅರ್ಧದಲ್ಲಿ ಎದ್ದು ಬಂದು ನೋಡಿ, ಚಿತ್ರದಲ್ಲಿ ಇದ್ದದ್ದಕ್ಕಿಂತ ಚಲೋ ಆಗಿದೆ ಎಂದಳು. ಅವಳ ತಾಯಿ ಮುಂದೆ ಹಿಂದೆ ಸುತ್ತಿ ಬಂದು, "ಕೋಳಿಗೂಡು ಅಲ್ಲ," ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ತಾಳಿ ಕಟ್ಟಿ ಆದಮೇಲೆ ಬೋಟಿನವರು ಗುಂಪಾಗಿ ಮಂಟಪದ ಹತ್ತಿರ ಬಂದರು. ಅಣ್ಣ ಕಂಬದ ಮರೆಗೆ ಸರಿದು ನಿಂತಿದ್ದ. ತಾಂಡೇಲ ಹೂವಿನ ಕಡೆ ಕಣ್ಣೂ ಹಾಯಿಸಲಿಲ್ಲ. ನೇರ ಬಳೆಯ ಹಿಂದಕ್ಕೆ ಹೋದ. ಬಲೆಯ ಒಂದು ಗಂಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ.

"ಗಂಟು ಉಲ್ಟಾ ಅದೆ," ಎಂದ.

"ಕೈ ಉಲ್ಟಾ ಆದ್ಮೇಲೆ ಗಂಟೂ ಉಲ್ಟಾ," ಎಂದ ಅಣ್ಣ, ಕಂಬದ ಮರೆಯಿಂದಲೇ.

"ಹಿಡಿತದಾ?"

"ಎಳ್ದು ನೋಡು."

ಆ ಮನುಷ್ಯ ಮದುವೆ ಮನೆ ಎಂಬುದನ್ನೂ ನೋಡದೆ ಹುರಿಯನ್ನು ಮುಷ್ಟಿಗೆ ಸುತ್ತಿಕೊಂಡು ಎಳೆದ. ಬಳೆ ಅಲುಗಿತು, ಕೆಲವು ಮಲ್ಲಿಗೆ ಉದುರಿದವು. ಗಂಟು ಜಾರಲಿಲ್ಲ.

"ಕೈ ಸರಿ ಆತಾ ಹಾಂಗಾರೆ?"

ಅಣ್ಣ ಈಚೆಗೆ ಬಂದು ಬಲಗೈಯನ್ನು ಎಲ್ಲರ ಮುಂದೆ ಚಾಚಿ ಹಿಡಿದ. "ಇಲ್ಲ. ಈ ಎರಡು ಇನ್ನು ಬರೂದಿಲ್ಲ," ಎಂದ. "ಉಳ್ದದ್ರಲ್ಲಿ ಗಂಟು ಬರ್ತದೆ. ನಿಧಾನ ಆಗ್ತದೆ."

ಒಂದು ವರ್ಷದಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ, ಅವನೂ ಆಡಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಮಳೆಗಾಲ ಪೂರ್ತಿ ಬೋಟು ದಡದ ಮೇಲೇ ಇರೂದು," ಎಂದ ತಾಂಡೇಲ. "ಎಂತ ಅವಸರ ಅದೆ? ಬಲೆ ಕೆಲ್ಸಕ್ಕೆ ಬಾ. ಸಾಲಿನ ಕೊನೇಲಿ ಕೂರು, ನಿನ್ನ ಪಾಲಿನದ್ದು ನಿನ್ನ ಹತ್ರ ಇರ್ಲಿ."

ಅಣ್ಣ ನನ್ನ ಕಡೆ ತಿರುಗಿದ. "ತಂಗಿ ಹತ್ರ ಕೇಳ್ಬೇಕು. ಅವಳದ್ದು ಬೆತ್ತದ ಕೆಲ್ಸ ಅದೆ," ಎಂದ, ಮುಖ ಗಂಭೀರವಾಗಿಟ್ಟುಕೊಂಡು. ನಾನು ಹೋಗು ಎಂದು ಕೈ ಮಾಡಿದೆ.

ಊಟಕ್ಕೆ ಕರೆದರು. ಅಣ್ಣ ಎಂದಿನಂತೆ ಹಿಂದೆ ಉಳಿಯುತ್ತಾನೆ ಎಂದುಕೊಂಡು ಅತ್ತಿಗೆ ಅವನಿಗೆ ಬುತ್ತಿ ಕಟ್ಟಿಸಿಕೊಳ್ಳಲು ಅಡುಗೆಯವರ ಕಡೆ ಹೊರಟಿದ್ದಳು. ತಿರುಗಿ ನೋಡಿದರೆ ಅವನು ಬೋಟಿನವರ ಸಾಲಿನಲ್ಲಿ, ತಾಂಡೇಲನ ಪಕ್ಕ, ಎಲೆಯ ಮುಂದೆ ಕೂತಿದ್ದ. ಅನ್ನ ಕಲಸುವಾಗ ಒಂದಿಷ್ಟು ಎಲೆಯಾಚೆ ಬಿತ್ತು. ಅದನ್ನು ಹಾಗೇ ಬಿಟ್ಟು ಊಟ ಮಾಡಿದ. ಪಾಯಸದವನು ಎರಡನೆಯ ಸಲ ಬಂದಾಗ ಬೇಡ ಅನ್ನಲಿಲ್ಲ.